ಪುಣೆ ಪೂರ್ವದ ಸವನ್ನಾ ಬಯಲು: ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಆಕಾಶ ತಿಳಿಯಾಯಿತೆಂದರೆ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಹುಲ್ಲುಬಯಲಿನ ಪ್ರವಾಸದ ಮಾತು ಏಳುತ್ತದೆ. ಅದರ ಬೆನ್ನಿಗೇ ಅವೇ ಪ್ರಶ್ನೆಗಳೂ ಬರುತ್ತವೆ. ಕೊಥ್ರುಡ್‌ನವರಿಗೆ ಒಮ್ಮೆ, ಹಡಪ್ಸರ್‌ನವರಿಗೆ ಇನ್ನೊಮ್ಮೆ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇವೆ. ಗಾಡಿ ಹತ್ತುವ ಮೊದಲು ಓದಿಕೊಂಡು ಬನ್ನಿ.

ಸವನ್ನಾ ಇರುವುದು ಆಫ್ರಿಕಾದಲ್ಲಲ್ಲವೇ? ಪುಣೆ ಹತ್ತಿರ ಎಲ್ಲಿಂದ ಬಂತು?

ನೆಲದ ತುಂಬ ಹುಲ್ಲು, ನಡುನಡುವೆ ಒಂದರ ನೆರಳು ಇನ್ನೊಂದಕ್ಕೆ ತಾಕದಷ್ಟು ದೂರದಲ್ಲಿ ಮರಗಳು, ವರ್ಷದಲ್ಲಿ ಏಳೆಂಟು ತಿಂಗಳು ಒಣಹವೆ. ಇಷ್ಟಿದ್ದರೆ ಅದು ಸವನ್ನಾ, ಯಾವ ಖಂಡದಲ್ಲಿದ್ದರೂ ಸರಿ. ದಿವೆ ಘಾಟ್ ಹತ್ತಿ ಸಾಸವಡ, ಜೇಜುರಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಣುವ ಹೊಂಬಣ್ಣದ ಇಳಿಜಾರು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ, ಬೋರೆ ಗಿಡ: ಅದೇ ನಮ್ಮ ದಖ್ಖನಿನ ಸವನ್ನಾ.

ಇದಕ್ಕೆಲ್ಲ ಕಾರಣ ಸಹ್ಯಾದ್ರಿ. ಅರಬ್ಬಿ ಸಮುದ್ರದ ಮೋಡಗಳು ಘಟ್ಟದ ನೆತ್ತಿಯಲ್ಲೇ ಖಾಲಿಯಾಗುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಸುರಿದರೆ, ಅಲ್ಲಿಂದ ನೇರ ದೂರದಲ್ಲಿ ನೂರು ಕಿ.ಮೀ. ಕೂಡ ಇಲ್ಲದ, ಬಾರಾಮತಿ ತಾಲ್ಲೂಕಿನ ಸುಪೆ ಸುತ್ತಮುತ್ತ 500 ಮಿ.ಮೀ. ಆಸುಪಾಸು. ಕೆಳಗೆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಕಲ್ಲು, ಸುಮಾರು 6.6 ಕೋಟಿ ವರ್ಷ ಹಳೆಯದು. ತಗ್ಗಿನಲ್ಲಿ ಅದರ ಮೇಲೆ ಆಳವಾದ ಎರೆಮಣ್ಣು ಕೂತಿದೆ, ಅಲ್ಲಿ ಜೋಳವೋ ಕಬ್ಬೋ ಬೆಳೆಯುತ್ತಾರೆ. ದಿಬ್ಬದ ಮೇಲೆ ಗೇಣುದ್ದದ ಗರಸು ಮಣ್ಣು ಅಷ್ಟೆ. ಅದರಲ್ಲಿ ದಟ್ಟ ಕಾಡು ಏಳುವುದಿಲ್ಲ, ಹುಲ್ಲು ಏಳುತ್ತದೆ.

ಕೀನ್ಯಾದ ಮಸಾಯಿ ಮಾರದ ಹಾಗೆ ಸಾವಿರಗಟ್ಟಲೆ ಪ್ರಾಣಿಗಳ ಹಿಂಡು ಕಂಡೀತೆಂದು ಯಾರೂ ಬರಬೇಡಿ. ಇಲ್ಲಿ ಒಂದು ಕಡೆ ಚಿಂಕಾರ ಎಂಬ ಸಣ್ಣ ಹುಲ್ಲೆ ಮೇಯುತ್ತಿದ್ದರೆ ಇನ್ನೊಂದು ಕಡೆ ಮೊಬೈಲ್ ಟವರ್ ಇರುತ್ತದೆ, ಮಧ್ಯೆ ಯಾರದೋ ಈರುಳ್ಳಿ ಹೊಲ.

ಮೊದಲು ಇಲ್ಲಿ ಕಾಡಿತ್ತು, ಕಡಿದದ್ದರಿಂದ ಬಯಲಾಯಿತು ಅನ್ನುತ್ತಾರಲ್ಲ?

ಎಲ್ಲರೂ ಅನ್ನುತ್ತಾರೆ. ನಮ್ಮ ಶಾಲೆಯ ಪುಸ್ತಕಗಳೂ ಹೆಚ್ಚುಕಡಿಮೆ ಹಾಗೇ ಕಲಿಸಿದವು. ಬ್ರಿಟಿಷರ ಕಾಲದ ಅರಣ್ಯ ಇಲಾಖೆಗೆ ಮರದಿಂದ ಆದಾಯ, ಹುಲ್ಲಿನಿಂದ ಏನಿಲ್ಲ. ಹಾಗಾಗಿ ಮರವಿಲ್ಲದ ನೆಲವೆಲ್ಲ ಬಂಜರು ಎಂದು ದಾಖಲೆಗೆ ಹೋಯಿತು. ಇವತ್ತಿಗೂ ದೇಶದ ಬಂಜರುಭೂಮಿ ನಕ್ಷೆಯಲ್ಲಿ ಕುರುಚಲು ಬಯಲಿಗೆ ಒಂದು ವರ್ಗವೇ ಇದೆ.

ಆದರೆ ನೆಲ ಬೇರೆಯದೇ ಕಥೆ ಹೇಳುತ್ತದೆ. ಬಿಸಿಲಿಗೆ ಒಗ್ಗಿದ, ವಿಜ್ಞಾನಿಗಳು ಸಿ4 ಎಂದು ಕರೆಯುವ ಬಗೆಯ ಹುಲ್ಲುಗಳು ಈ ಉಪಖಂಡದಲ್ಲಿ ಹರಡಿದ್ದು ಸುಮಾರು 70–80 ಲಕ್ಷ ವರ್ಷಗಳ ಹಿಂದೆ. ಕೊಡಲಿ ಹಿಡಿದ ಮನುಷ್ಯ ಆಗ ಇರಲೇ ಇಲ್ಲ. ಓಡುವುದನ್ನೇ ನಂಬಿ ಬದುಕುವ ಕೃಷ್ಣಮೃಗದಂಥ ಪ್ರಾಣಿ ಮುಚ್ಚಿದ ಕಾಡಿನಲ್ಲಿ ಹುಟ್ಟಿಕೊಳ್ಳುವುದೂ ಇಲ್ಲ.

ಇದರಲ್ಲಿ ನನಗೆ ತೀರಾ ಇಷ್ಟವಾದ ಸಾಕ್ಷಿ ಸಸ್ಯಶಾಸ್ತ್ರದ ಪ್ರಯೋಗಾಲಯದಿಂದ ಬಂದದ್ದಲ್ಲ. ಪಶ್ಚಿಮ ಮಹಾರಾಷ್ಟ್ರದ ಹಳೆಯ ಮರಾಠಿ ಕಾವ್ಯ, ಓವಿ ಎಂಬ ಹಾಡು, ಸ್ಥಳಪುರಾಣಗಳನ್ನು ಹದಿಮೂರನೇ ಶತಮಾನದಿಂದ ಈಚೆಗೆ ಜಾಲಾಡಿ, ಅವುಗಳಲ್ಲಿ ಬರುವ ಕಾಡುಗಿಡಗಳ ಹೆಸರು ಹೆಕ್ಕಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಸಿಕ್ಕ 44 ಜಾತಿಗಳಲ್ಲಿ ಹತ್ತಿರಹತ್ತಿರ ಮೂರನೇ ಎರಡರಷ್ಟು ಸವನ್ನಾದವೇ. ಅಂದರೆ ಏಳುನೂರೈವತ್ತು ವರ್ಷದ ಹಿಂದಿನ ಹಾಡುಗಾರರೂ ದನಗಾಹಿಗಳೂ ನಡೆದಾಡಿದ್ದು ಇದೇ ಮುಳ್ಳಿನ, ಹುಲ್ಲಿನ ನೆಲದಲ್ಲಿ. ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ ಯಾತ್ರೆ) ಇಂದಿಗೂ ಸಾಸವಡ, ಜೇಜುರಿ ಹಾದು ಇದೇ ನೆಲದ ಮೇಲೆ ಪಂಢರಪುರಕ್ಕೆ ಹೋಗುತ್ತದೆ.

ಬಳಗದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ವಿವರಿಸುವ ಗೋಜೇ ಇಲ್ಲ. ಗಾಡಿ ಇಳಿದ ಕೂಡಲೇ ‘ಇದು ನಮ್ಮೂರ ಹೊಲಾನೇ ಐತಲ್ರೀ’ ಅನ್ನುತ್ತಾರೆ. ಮೂಗು ಮುರಿಯುವವರು ಮಲೆನಾಡಿನವರು. ಅವರನ್ನು ಒಲಿಸಲು ಅರ್ಧ ದಿನ ಬೇಕು.

ಎಲ್ಲಿಗೆ ಹೋಗುತ್ತೇವೆ, ಎಷ್ಟು ದೂರ?

ಹೆಚ್ಚಾಗಿ ಬಾರಾಮತಿ ತಾಲ್ಲೂಕಿನ ಸುಪೆ ಬಳಿಯ ಮಯೂರೇಶ್ವರ ವನ್ಯಧಾಮ. 1997ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಬರೀ 5.14 ಚದರ ಕಿ.ಮೀ. ಹೆಸರು ಪಕ್ಕದ ಮೋರಗಾವ್ ಗಣಪತಿಯದು, ಅಷ್ಟವಿನಾಯಕರಲ್ಲಿ ಮೊದಲನೆಯವನು. ಪುಣೆಯಿಂದ ಎರಡು ತಾಸು ಸಾಕು. ಜೇಜುರಿ ಮೇಲಿಂದ ಹೋಗಬಹುದು, ಸೊಲ್ಲಾಪುರ ಹೆದ್ದಾರಿಯಲ್ಲಿ ಚೌಫುಲಾದ ಹತ್ತಿರ ಬಲಕ್ಕೆ ತಿರುಗಿಯೂ ಹೋಗಬಹುದು.

ಇಂದಾಪುರ ತಾಲ್ಲೂಕಿನ ಕಡಬನವಾಡಿ, ಬಾರಾಮತಿಯ ಶಿರ್ಸುಫಳ ಎರಡೂ ಕಡೆ ಅರಣ್ಯ ಇಲಾಖೆ ಹುಲ್ಲುಗಾವಲು ಸಫಾರಿ ನಡೆಸುತ್ತದೆ. ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಊರಿನ ಹುಡುಗರೇ ಗೈಡ್. ತೋಳದ ಆಸೆ ಇದ್ದವರು ಸುಪೆಗಿಂತ ಅಲ್ಲಿಗೇ ಹೋಗುವುದು ವಾಸಿ. ಅಹಿಲ್ಯಾನಗರ ಜಿಲ್ಲೆಯ ಕರ್ಜತ್ ಬಳಿಯ ರೇಹೆಕುರಿ ಕೃಷ್ಣಮೃಗಕ್ಕೆ ಮೀಸಲು. ಅದೂ ಪುಟ್ಟದು, ಎರಡು ಚದರ ಕಿ.ಮೀ. ಚಿಲ್ಲರೆ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಸೆಪ್ಟೆಂಬರಿನಲ್ಲಿ ಹಸಿರು ಚೆಂದ, ಆದರೆ ಹುಲ್ಲು ಎತ್ತರವಿದ್ದು ಪ್ರಾಣಿ ಕಾಣುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ತೊಟ್ಟಿಗಳ ಬಳಿ ಎಲ್ಲವೂ ಬರುತ್ತವೆ ನಿಜ, ಬೆಳಿಗ್ಗೆ ಒಂಬತ್ತರ ನಂತರ ನಮ್ಮನ್ನೇ ಎತ್ತಿಕೊಂಡು ಹೋಗಬೇಕಾದೀತು.

ಬೆಳಗಿನ ಜಾವ ನಾಲ್ಕೂವರೆಗೆ ಹೊರಡಲೇಬೇಕೇ?

ಹೌದು.

ಚಿಂಕಾರಕ್ಕೂ ಕೃಷ್ಣಮೃಗಕ್ಕೂ ವ್ಯತ್ಯಾಸ ಹೇಗೆ ಗುರುತಿಸುವುದು?

ಗಂಡು ಕೃಷ್ಣಮೃಗವನ್ನು ಯಾರೂ ತಪ್ಪುವುದಿಲ್ಲ. ಕಪ್ಪು ಮೈ, ಬಿಳಿ ಹೊಟ್ಟೆ, ತಿರುಪಿನ ಕೊಂಬು. ಗೊಂದಲವಾಗುವುದು ಹೆಣ್ಣುಗಳಲ್ಲಿ. ಹೆಣ್ಣು ಕೃಷ್ಣಮೃಗಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ, ಹೆಣ್ಣು ಚಿಂಕಾರಕ್ಕೆ ತೆಳುವಾದ ಪುಟ್ಟ ಕೊಂಬು ಇರುತ್ತದೆ. ಚಿಂಕಾರದ ಮುಖದಲ್ಲಿ ಕಣ್ಣಿನಿಂದ ಮೂಗಿನ ಕಡೆಗೆ ಬಿಳಿ ಪಟ್ಟೆ, ಹಿಂದೆ ಸದಾ ಅಲುಗುವ ಕಪ್ಪು ಬಾಲ. ಕೃಷ್ಣಮೃಗ ಬಯಲ ನಡುವೆ ಹಿಂಡಾಗಿ ನಿಲ್ಲುತ್ತದೆ. ಚಿಂಕಾರ ಎರಡೋ ಮೂರೋ ನಾಲ್ಕೋ, ಕುರುಚಲ ಅಂಚಿನಲ್ಲಿ.

ಹತ್ತಿರದಿಂದ ಚಿಂಕಾರ ನೋಡುವ ಭಾಗ್ಯ ಬಂದರೆ ಒಂದು ತಮಾಷೆ ಗಮನಿಸಿ. ನಮ್ಮ ಸುಳಿವು ಹತ್ತಿದರೆ ಅದು ತಕ್ಷಣ ಓಡುವುದಿಲ್ಲ. ಮುಂಗಾಲಿನಿಂದ ನೆಲ ಕುಟ್ಟುತ್ತದೆ, ಆಮೇಲೆ ನೆಗಡಿಯಾದವರಂತೆ ಒಂದು ಸೀನು ಸೀನುತ್ತದೆ. ಅದೇ ಉಳಿದವಕ್ಕೆ ಎಚ್ಚರಿಕೆ. ಎರಡನೇ ಸೀನಿಗೆ ಜಾಗ ಖಾಲಿ. ನೀರಿಲ್ಲದೆ ಬಹಳ ದಿನ ತಾಳಬಲ್ಲದು, ಎಲೆಯ ರಸವೂ ಇಬ್ಬನಿಯೂ ಸಾಕು. ಊರಿಗೆ ಹೋದಾಗಲೂ ನೋಡಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಬೀಳಗಿ ಬಳಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ.

ಕೃಷ್ಣಮೃಗ ತಾಸಿಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡುತ್ತದೆ. ತೋಳದಿಂದ ಪಾರಾಗಲು ಅಷ್ಟು ಬೇಡ. ಆ ವೇಗ ಸಿವಂಗಿಯ (ಚೀತಾ) ಕಾಲದ್ದು. ಕೊಲ್ಹಾಪುರದ ಅರಸರು ಪಳಗಿಸಿದ ಸಿವಂಗಿಗಳನ್ನು ಬಿಟ್ಟು ಕೃಷ್ಣಮೃಗ ಬೇಟೆಯಾಡಿಸುತ್ತಿದ್ದರು. ಇಲ್ಲಿಯ ಸಿವಂಗಿ ಮುಗಿಯುತ್ತ ಬಂದಾಗ ಆಫ್ರಿಕಾದಿಂದ ತರಿಸಿದ್ದೂ ಉಂಟು. 1952ರಲ್ಲಿ ದೇಶದಿಂದಲೇ ಅಳಿದುಹೋಯಿತೆಂದು ಘೋಷಿಸಿದರು.

ತೋಳ ಕಾಣುತ್ತದೆಯೇ? ಅಪಾಯ ಇಲ್ಲವೇ?

ಕಾಣಬಹುದು, ಮಾತು ಕೊಡಲಾರೆವು. ಕಂಡರೂ ಮೊದಲು ನಾಯಿ ಅಂತಲೇ ಅನ್ನಿಸುತ್ತದೆ. ಆಮೇಲೆ ನಡಿಗೆ ನೋಡುತ್ತೀರಿ: ಉದ್ದ ಕಾಲು, ತಗ್ಗಿಸಿದ ತಲೆ, ಬಾಲ ಕೆಳಗೆ, ನೇರವಾಗಿ ಒಂದೇ ಹದದಲ್ಲಿ ಕುಕ್ಕುಲೋಟ. ನಾಯಿಯಂತೆ ಅಲ್ಲಿ ಇಲ್ಲಿ ಮೂಸುತ್ತ ಅಡ್ಡಾಡುವುದಿಲ್ಲ. ಇಪ್ಪತ್ತು ಕಿಲೋ ಆಸುಪಾಸಿನ ತೆಳ್ಳನೆಯ ಪ್ರಾಣಿ, ಹಿಮದೇಶದ ತೋಳದ ಫೋಟೋ ನೋಡಿ ಬಂದವರಿಗೆ ಸಣ್ಣದೆನಿಸುತ್ತದೆ. ಭಾರತದ ತೋಳ ಜಗತ್ತಿನ ಅತಿ ಹಳೆಯ ತೋಳವಂಶಗಳಲ್ಲಿ ಒಂದು ಎಂದು ಜೀನೋಮ್ ಅಧ್ಯಯನಗಳು ಹೇಳುತ್ತವೆ. ಗುಂಪಿನಲ್ಲಿ ನಿಂತು ನೋಡುವ ನಮಗೆ ಅಪಾಯವಿಲ್ಲ. ಅದು ನಮ್ಮಿಂದ ದೂರ ಸರಿಯುವುದನ್ನೇ ನೋಡುತ್ತಿರುತ್ತದೆ.

ಅಪಾಯ ಇರುವುದು ತೋಳಕ್ಕೆ, ಅದೂ ಬೀದಿನಾಯಿಗಳಿಂದ. ಕೋಳಿ ಫಾರಂಗಳ ಹಿಂದೆ ಎಸೆಯುವ ತ್ಯಾಜ್ಯ ತಿಂದು ಕೊಬ್ಬಿದ ನಾಯಿ ಹಿಂಡುಗಳು ಬಯಲಿಗೂ ಬರುತ್ತವೆ, ರೋಗ ಹರಡುತ್ತವೆ, ತೋಳದ ಜತೆ ಕೂಡುತ್ತವೆ. ಪುಣೆ ಬಳಿ ತೋಳ–ನಾಯಿ ಮಿಶ್ರತಳಿ ಇರುವುದನ್ನು 2023ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಖಚಿತಪಡಿಸಿತು. ಅಸಹಜವಾದ ಕೆಂಚು ಮೈಬಣ್ಣ ನೋಡಿ ಸ್ಥಳೀಯರಿಗೆ ಬಂದಿದ್ದ ಅನುಮಾನವೇ ಅದಕ್ಕೆ ಮೂಲ. ಹಾಗಾಗಿ ನಮ್ಮ ಪ್ರವಾಸದಲ್ಲಿ ಉಳಿದ ಚಪಾತಿಯನ್ನು ನಾಯಿಗೆ ಹಾಕುವುದು ನಿಷಿದ್ಧ. ಕಟುಕರು ಅಂದುಕೊಂಡರೂ ಪರವಾಗಿಲ್ಲ.

ಚಳಿಗಾಲದಲ್ಲಿ ತೋಳ ಮರಿ ಹಾಕುತ್ತದೆ. ಗುಹೆ ತೋರಿಸುತ್ತೇನೆ ಬನ್ನಿ ಎಂದು ಯಾರಾದರೂ ಕರೆದರೆ ಹೋಗಬೇಡಿ. ಜನ ಸುಳಿದಾಡಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ, ಆ ಓಡಾಟದಲ್ಲೇ ಮರಿ ಸಾಯಬಹುದು. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ವನ್ಯಧಾಮವಾಗಿದೆ, ಗೊತ್ತಿಲ್ಲದವರಿಗೆ ಹೇಳಿ.

ಕತ್ತೆಕಿರುಬ, ನರಿ?

ಕತ್ತೆಕಿರುಬ ಇದೆ, ಆದರೆ ರಾತ್ರಿಯ ಪ್ರಾಣಿ. ಮುಂಜಾನೆ ಹೆಜ್ಜೆಗುರುತು ಸಿಕ್ಕರೆ ಅದೇ ಲಾಭ. ಬೆಂಗಾಲ್ ಫಾಕ್ಸ್ ಎನ್ನುವ ಬೆಕ್ಕಿಗಿಂತ ಸ್ವಲ್ಪ ದೊಡ್ಡ ನರಿ ಮಾತ್ರ ಬಿಲದ ಬಾಯಲ್ಲಿ ಬೆಳಗಿನ ಬಿಸಿಲು ಕಾಯಿಸುತ್ತ ಕೂತಿರುತ್ತದೆ. ಬಾಲದ ತುದಿ ಕಪ್ಪು, ಅದೇ ಗುರುತು.

ಎರೆಭೂತ ನೋಡಬಹುದೇ?

ಇಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಬರೆಯುವಾಗ ಬೇಜಾರಾಗುತ್ತದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಈ ಹಕ್ಕಿಗೆಂದೇ 1979ರಲ್ಲಿ ಸೊಲ್ಲಾಪುರ ಬಳಿ ನಾನ್ನಜ್ ವನ್ಯಧಾಮ ಮಾಡಿದರು. ಈಗ ಅಲ್ಲಿ ಕೃಷ್ಣಮೃಗ ಹೇರಳ, ತೋಳವೂ ಇದೆ, ಎರೆಭೂತ ಮಾತ್ರ ಇಲ್ಲವೆನ್ನುವಷ್ಟು ಅಪರೂಪ. ದೇಶದಲ್ಲಿ ಉಳಿದ ಎರೆಭೂತಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿಯ ನೆಲದ ಮೇಲೆ. ಭಾರದ ಮೈ, ಎದುರಿಗೆ ಸರಿಯಾಗಿ ಕಾಣದ ಕಣ್ಣು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ.

ಬೇರೆ ಹಕ್ಕಿಗಳು?

ಬಯಲಿನಲ್ಲಿ ಹಕ್ಕಿ ನೋಡುವವರು ತಲೆ ಎತ್ತುವುದಕ್ಕಿಂತ ತಗ್ಗಿಸಬೇಕು. ನೆಲಗುಬ್ಬಿ, ಇಂಡಿಯನ್ ಕೋರ್ಸರ್, ಹಳದಿ ಟಿಟ್ಟಿಭ ಎಲ್ಲವೂ ಮಣ್ಣಿನ ಬಣ್ಣದವು, ಮೊಟ್ಟೆ ಇಡುವುದೂ ಬೆಣಚುಕಲ್ಲುಗಳ ನಡುವೆಯೇ. ಸ್ಯಾಂಡ್‌ಗ್ರೌಸ್ ಜೋಡಿ ಕಾಲಡಿಯಿಂದ ಭರ್ರನೆ ಹಾರುವವರೆಗೆ ಅಲ್ಲಿತ್ತೆಂದೇ ತಿಳಿಯುವುದಿಲ್ಲ. ಅದರ ಗಂಡು ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತದೆ. ಆ ಗರಿಗಳ ರಚನೆಯೇ ನೀರು ಹಿಡಿಯುವಂಥದು.

ಆಕಾಶಕ್ಕೂ ಒಂದು ಕಾರಣವಿದೆ: ಹ್ಯಾರಿಯರ್‌ಗಳು. ಕಜಾಕಿಸ್ತಾನದ ಹುಲ್ಲುಗಾಡಿನ ಕಡೆಯಿಂದ ಚಳಿಗಾಲಕ್ಕೆ ಬರುವ ಈ ಗಿಡುಗಗಳು ಹುಲ್ಲಿನ ತುದಿಗೆ ಒಂದೆರಡು ಮೊಳ ಮೇಲೆ ತೇಲುತ್ತ ಮಿಡತೆ ಹುಡುಕುತ್ತವೆ. ಸಂಜೆಯಾದರೆ ಮರಕ್ಕೆ ಹೋಗುವುದಿಲ್ಲ, ಹುಲ್ಲಿನೊಳಗೇ ಗುಂಪಾಗಿ ನೆಲದ ಮೇಲೆ ಮಲಗುತ್ತವೆ. ಎತ್ತರದ ಹುಲ್ಲಿನಲ್ಲಿ ಸಂಜೆ ನಡೆದಾಡಬೇಡಿ ಎಂದು ನಾವು ಗದರುವುದು ಇದಕ್ಕೇ.

ಸಮಯ ಉಳಿದರೆ ಭಿಗವಣದಲ್ಲಿ ಉಜನಿ ಜಲಾಶಯದ ಹಿನ್ನೀರಿಗೆ ಹೋಗಿ ಫ್ಲೆಮಿಂಗೋ ನೋಡುತ್ತೇವೆ. ಅದು ಬೇರೆ ಲೋಕ, ಇಲ್ಲಿ ವಿವರ ಬೇಡ.

ಕುರಿಗಾಹಿಗಳ ಫೋಟೋ ತೆಗೆಯಬಹುದೇ? ಅವರ ಕುರಿಗಳೇ ಹುಲ್ಲು ಹಾಳು ಮಾಡುವುದಲ್ಲವೇ?

ಕೇಳಿ ತೆಗೆಯಿರಿ. ಕೇಳುವ ಮೊದಲು ಕೂತು ಮಾತಾಡಿ. ಇವರು ಧನಗರರು. ಮಳೆಗಾಲ ಮುಗಿದ ಮೇಲೆ ಕೆಲವರು ಕುರಿ, ಕುದುರೆ, ನಾಯಿ, ಮಕ್ಕಳುಮರಿ ಸಮೇತ ಘಟ್ಟ ಇಳಿದು ಕೊಂಕಣಕ್ಕೆ ಹೋಗಿ ಮುಂಗಾರಿಗೆ ಮೊದಲು ಹಿಂದಿರುಗುತ್ತಾರೆ. ದಾರಿಯುದ್ದಕ್ಕೂ ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ಹಾಕುತ್ತಾರೆ. ಹೊಲದವನಿಗೆ ಗೊಬ್ಬರ, ಇವರಿಗೆ ಕಾಳು. ಅವರ ಬಿರೋಬಾ ನಮ್ಮ ಬೀರಪ್ಪ, ಅವರ ಖಂಡೋಬಾ ನಮ್ಮ ಮೈಲಾರಲಿಂಗ. ಜೇಜುರಿಯ ಖಂಡೋಬಾ ಗುಡಿಯಲ್ಲಿ ಹಾರುವ ಭಂಡಾರ (ಅರಿಶಿನಪುಡಿ) ನೋಡಿ ನಮ್ಮವರೊಬ್ಬರು ‘ಏಳುಕೋಟಿ’ ಎಂದು ಕೂಗಿದರೆ, ಪಕ್ಕದಲ್ಲಿದ್ದವರು ಅವರದೇ ‘ಯೇಳಕೋಟ’ ಸೇರಿಸಿ ಕೂಗಿದರು. ಭಾಷಾಂತರ ಬೇಕಾಗಲಿಲ್ಲ.

ಮೇಯಿಸಿದರೆ ಹಾಳು ಎಂಬುದು ಅರ್ಧ ಸತ್ಯ. ಒಂದೇ ಕಡೆ ವರ್ಷವಿಡೀ ಮೇಯಿಸಿದರೆ ಹುಲ್ಲು ಸೋಲುತ್ತದೆ. ಅಲೆಮಾರಿ ಮಂದೆ ಮೇಯ್ದು ಮುಂದೆ ಹೋದರೆ ಅದು ಮತ್ತೆ ಚಿಗುರುತ್ತದೆ. ಹುಲ್ಲಿನ ಬೆಳವಣಿಗೆಯ ಮೊಳಕೆ ಇರುವುದೇ ಬುಡದಲ್ಲಿ, ಮೇಲಿನದು ಹೋದರೂ ಅದಕ್ಕೆ ಜೀವ ಹೋಗುವುದಿಲ್ಲ. ಚಿಂಕಾರ ಕಡಿಮೆಯಾದ ಕಡೆ ತೋಳ ಹೊಟ್ಟೆ ಹೊರೆಯುವುದೂ ಈ ಮಂದೆಗಳಿಂದಲೇ. ಕುರಿ ಹೋದಾಗ ಕುರುಬ ಶಾಪ ಹಾಕುವುದೂ ನಿಜ, ಪರಿಹಾರದ ಕಾಗದಪತ್ರಕ್ಕೆ ಅಲೆಯುವುದೂ ನಿಜ.

ಎಂಥ ಬಟ್ಟೆ ಹಾಕಿಕೊಳ್ಳಬೇಕು? ಸಾಕ್ಸ್ ತುಂಬ ಚುಚ್ಚುವುದು ಏನು?

ಮಣ್ಣಿನ ಬಣ್ಣದ ಉದ್ದ ಪ್ಯಾಂಟು, ಮುಚ್ಚಿದ ಬೂಟು, ಟೋಪಿ. ಉಣ್ಣೆಯ ಸಾಕ್ಸ್ ಮಾತ್ರ ಖಂಡಿತ ಬೇಡ.

ಚುಚ್ಚುವುದು ಈಟಿ ಹುಲ್ಲಿನ ಬೀಜ, ಮರಾಠಿಯವರ ಕುಸಳ. ಬೈಯುವ ಮೊದಲು ಒಂದನ್ನು ಕಿತ್ತು ಅಂಗೈ ಮೇಲಿಟ್ಟುಕೊಳ್ಳಿ. ಒಂದು ತುದಿಯಲ್ಲಿ ಸೂಜಿಯಂಥ ಮೊನೆ, ಅದರ ಹಿಂದೆ ಹಿಮ್ಮುಖ ರೋಮ. ಇನ್ನೊಂದು ಕಡೆ ಬೆರಳುದ್ದದ ಕಂದು ಊಬು, ಹುರಿ ಹಾಕಿದ ದಾರದ ಹಾಗೆ ಸುತ್ತಿಕೊಂಡು ಮಧ್ಯದಲ್ಲಿ ಮುರಿದಂತೆ ಬಾಗಿರುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಸ್ವಲ್ಪ ಹೊತ್ತಿಗೆ ಊಬು ಸುತ್ತು ಬಿಚ್ಚುತ್ತ ನಿಧಾನವಾಗಿ ತಿರುಗತೊಡಗುತ್ತದೆ, ಅಂಗೈಯಲ್ಲಿ ಕಚಗುಳಿಯಾಗುತ್ತದೆ. ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ಇಬ್ಬನಿಗೊಮ್ಮೆ ಬಿಸಿಲಿಗೊಮ್ಮೆ ತಿರುಗುತ್ತ ಬೀಜ ತನ್ನನ್ನೇ ಮಣ್ಣಿನೊಳಕ್ಕೆ ಕೊರೆದುಕೊಳ್ಳುತ್ತದೆ. ಮೇಲೆ ಬೆಂಕಿ ಹಾದುಹೋದರೂ ಒಳಗಿರುವ ಬೀಜ ಕ್ಷೇಮ. ಮಲೆನಾಡಿನವರು ಈ ಬಯಲಿಗೆ ಒಲಿಯುವುದು ಹೆಚ್ಚಾಗಿ ಈ ಹಂತದಲ್ಲಿ.

ಹಾವುಗಳು?

ಕೊಳಕುಮಂಡಲ, ಗರಗಸಮಂಡಲ ಎರಡೂ ಇವೆ. ಕಲ್ಲು ಎತ್ತಬೇಡಿ, ಕಾಣದ ಕಡೆ ಕೈ ಇಡಬೇಡಿ, ಚಪ್ಪಲಿಯಲ್ಲಿ ಬರಬೇಡಿ.

ಬರುವಾಗ ಸಸಿ ತಂದು ನೆಟ್ಟರೆ ಒಳ್ಳೆಯದಲ್ಲವೇ? ಕಂಪನಿಯಿಂದ ದುಡ್ಡೂ ಕೊಡುತ್ತಾರೆ.

ದಯವಿಟ್ಟು ಬೇಡ. ಬೀಜದುಂಡೆಯೂ ಬೇಡ.

ಸವನ್ನಾದ ಹುಲ್ಲಿಗೆ ಬೇಕಿರುವುದು ಬಿಸಿಲು. ಮರ ದಟ್ಟವಾಗಿ ನೆರಳು ಕವಿದರೆ ಹುಲ್ಲು ಹೋಗುತ್ತದೆ, ಹುಲ್ಲಿನ ಹಿಂದೆ ಚಿಂಕಾರ, ಕೋರ್ಸರ್, ಹ್ಯಾರಿಯರ್ ಎಲ್ಲ ಹೋಗುತ್ತವೆ. ನಮ್ಮ ರಾಣೆಬೆನ್ನೂರಿನ ಕಥೆ ಇದಕ್ಕೆ ಸಾಕ್ಷಿ. ಹಾವೇರಿ ಜಿಲ್ಲೆಯ ಆ ಬಯಲಿನಲ್ಲಿ ಕೃಷ್ಣಮೃಗದ ಜತೆ ಎರೆಭೂತವೂ ಇತ್ತು. 1974ರಲ್ಲಿ ವನ್ಯಧಾಮವಾಯಿತು, 119 ಚದರ ಕಿ.ಮೀ. ಅದರ ಬಹುಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ ನೆಡುತೋಪು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತ ಮಾಯವಾಯಿತು. ಪುಣೆಯ ಗುಡ್ಡಗಳ ಮೇಲೆ ಗ್ಲಿರಿಸಿಡಿಯಾ ಎಂಬ ಹೊರದೇಶದ ಮರ ನೆಟ್ಟದ್ದೂ ಒಳ್ಳೆಯ ಮನಸ್ಸಿನಿಂದಲೇ. ಅದರ ಕೆಳಗೆ ಈಗ ಹುಲ್ಲು ಹುಡುಕಿ ನೋಡಿ.

ಕಂಪನಿಯ ದುಡ್ಡು ಖರ್ಚು ಮಾಡಲೇಬೇಕೆಂದರೆ ಹೊರಗಿನಿಂದ ಬಂದು ಹಬ್ಬಿರುವ ಬಳ್ಳಾರಿ ಜಾಲಿ ಕೀಳಿಸಲು ಕೊಡಿ, ಬೀದಿನಾಯಿಗಳ ಲಸಿಕೆಗೆ ಕೊಡಿ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಸಸಿಯಷ್ಟು ಚೆಂದ ಕಾಣುವುದಿಲ್ಲ ಅಷ್ಟೆ.

ಗಾಳಿಯಂತ್ರ, ಸೋಲಾರ್ ಬಂದರೆ ಏನು ತೊಂದರೆ? ಅದೂ ಪರಿಸರಕ್ಕೇ ಅಲ್ಲವೇ?

ವಿದ್ಯುತ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಖಾಲಿ ಜಾಗ ಎಂದುಕೊಂಡು ಇಲ್ಲಿಗೇ ತರುವುದು ತಂಟೆ. ಸಾತಾರಾ ಬಳಿಯ ಚಾಳಕೆವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ನಡೆಸಿದ ಅಧ್ಯಯನ 2018ರಲ್ಲಿ ಬಂತು. ಗಾಳಿಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಕಡಿಮೆ. ತಿನ್ನುವವರು ಇಲ್ಲದೆ ಬೀಸಣಿಗೆ ಗಂಟಲಿನ ಓತಿಗಳು ಹೆಚ್ಚಿದವು, ಮನುಷ್ಯ ಹತ್ತಿರ ಬಂದರೂ ಓಡದಷ್ಟು ಧೈರ್ಯ ಬಂತು. ಗಂಡುಗಳ ಗಂಟಲ ಬಣ್ಣ ಮಾತ್ರ ಮಂಕಾಯಿತು. ರೆಕ್ಕೆ ತಿರುಗುವುದು ಆಕಾಶದಲ್ಲಿ, ಬದಲಾದದ್ದು ನೆಲದ ಮೇಲಿನ ಓತಿ. ಮುಂಗಾರಿನ ಮುಂಚೆ ಅಲ್ಲಿಗೆ ಹೋದರೆ ಕಲ್ಲಿನ ಮೇಲೆ ನಿಂತು ನೀಲಿ, ಕಪ್ಪು, ಕಿತ್ತಳೆ ಬಣ್ಣದ ಗಂಟಲು ಬಿಚ್ಚುವ ಓತಿ ನೋಡಬಹುದು.

ಕ್ಯಾಮೆರಾ, ಡ್ರೋನ್, ರಾತ್ರಿ ಸುತ್ತಾಟ?

400 ಎಂ.ಎಂ. ಲೆನ್ಸ್ ಇದ್ದರೆ ತನ್ನಿ. ಒಂಬತ್ತರ ನಂತರ ನೆಲದ ಕಾವಿಗೆ ಚಿತ್ರ ನಡುಗುತ್ತದೆ, ಲೆನ್ಸ್ ದೂರಬೇಡಿ. ಡ್ರೋನ್ ಇಲ್ಲ. ಟಾರ್ಚ್ ಹಾಕಿಕೊಂಡು ರಾತ್ರಿ ಪ್ರಾಣಿ ಹುಡುಕುವುದು ಇಲ್ಲವೇ ಇಲ್ಲ. ದಾರಿ ಬಿಟ್ಟು ಜೀಪು, ಬೈಕು ಇಳಿಸಿದರೆ ನೆಲದ ಮೇಲಿನ ಮೊಟ್ಟೆ ಚಕ್ರಕ್ಕೆ ಸಿಗುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ.

ಊಟ, ಶೌಚಾಲಯ?

ಮೋರಗಾವದಲ್ಲಿ ಎರಡೂ ಇವೆ. ಪಿಠಲ–ಭಾಕರಿ ಬಿಸಿಯಾಗಿ ಸಿಗುತ್ತದೆ. ಬುತ್ತಿ ತರುವವರು ರೊಟ್ಟಿ, ಶೇಂಗಾ ಚಟ್ನಿ ತನ್ನಿ, ಜತೆಗೆ ಕನಿಷ್ಠ ಮೂರು ಲೀಟರ್ ನೀರು. ಬಯಲಿನಲ್ಲಿ ಮರೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಅಷ್ಟು ದೂರ ಬರಲಾಗದ ಹಿರಿಯರಿಗೆ, ಸಣ್ಣ ಮಕ್ಕಳಿಗೆ ಏನಾದರೂ?

ವೇತಾಳ ಟೇಕಡಿ. ನಗರದ ನಡುವೆಯೇ ಇರುವ ಗುಡ್ಡ, ಬೆಳಿಗ್ಗೆ ಆರಕ್ಕೆ ಹತ್ತಿದರೆ ನವಿಲು, ಗೌಜಲಹಕ್ಕಿಯ ಕೂಗು ಖಚಿತ. ಗ್ಲಿರಿಸಿಡಿಯಾ ಇಲ್ಲದ ತೆರೆದ ತುಂಡುಗಳನ್ನು ಹುಡುಕಿ ನಿಲ್ಲಿ, ಈಟಿ ಹುಲ್ಲು ಅಲ್ಲೂ ಇದೆ. ಮಕ್ಕಳಿಗೆ ನೀರಿನ ಬಾಟಲಿ ಕೊಟ್ಟು ಅಂಗೈ ಚಾಚಲು ಹೇಳಿ. ಗುಡ್ಡದ ನಡಿಗೆ ಭಾನುವಾರ, ದೂರದ ಪ್ರವಾಸ ಶನಿವಾರ. ಹೆಸರು ಕೊಡುವವರು ಗುರುವಾರ ರಾತ್ರಿಯೊಳಗೆ ಕೊಡಿ, ಗಾಡಿ ಹೇಳಬೇಕು.